ಎಲೆ ಹಂಚುವವಳು ಆಟಕ್ಕೆ ಕೂತಾಗ

ನಮ್ಮ ದೊಡ್ಡಮ್ಮನಿಗೆ ಬಟ್ಟೆ ಒಗೆಯುವುದು ಬರುತ್ತಿತ್ತು, ಇಸ್ಪೀಟಿನ ಎಲೆ ಹಂಚುವುದು ಬರುತ್ತಿತ್ತು. ಮೂರನೆಯದು ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಅವಳ ಅಡುಗೆ ದೇವರಿಗೇ ಪ್ರೀತಿ. ಮಾತು ಅದಕ್ಕಿಂತ ಖಾರ. ಅಮ್ಮ ಹೋದ ಮೇಲೆ ನನ್ನನ್ನು ಕರೆತಂದು ಸಾಕಿದವಳು ಅವಳೇ, ಅಮ್ಮನ ಅಕ್ಕ. ಮುದ್ದು ಮಾಡಿ ಸಾಕಿದಳು ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಕಾಲರಿನ ಕೊಳೆ ಬಿಡಿಸಲಿಲ್ಲವೆಂದು ತಲೆಗೆ ಮೊಟಕಿದ್ದೂ ನೆನಪಿದೆ, ಜ್ವರ ಬಂದಾಗ ಇಸ್ತ್ರಿ ಪೆಟ್ಟಿಗೆಯಲ್ಲಿ ಟವೆಲ್ಲು ಬಿಸಿ ಮಾಡಿ ನನ್ನ ಪಾದಕ್ಕೆ ಸುತ್ತಿದ್ದೂ ನೆನಪಿದೆ. ಅವಳ ವಿಷಯ ಹೇಳುವಾಗ ಎರಡನ್ನೂ ಹೇಳಬೇಕಾಗುತ್ತದೆ.

ನಮ್ಮದು ಲಾಂಡ್ರಿ, ಅದೇ ನಮ್ಮ ಮನೆಯೂ. ಎದುರಿಗೆ ಇಸ್ತ್ರಿ ಮೇಜಿನ ಕೋಣೆ, ಅದರ ಹಿಂದೆ ತೊಟ್ಟಿ, ಹಂಡೆ, ಒಗೆಯುವ ಕಲ್ಲು ಇರುವ ಕೋಣೆ, ಅದರ ಹಿಂದೆ ಹಿತ್ತಿಲು. ಎಡಕ್ಕೂ ಬಲಕ್ಕೂ ಅಂಗಡಿಗಳು ಒತ್ತಿಕೊಂಡಿದ್ದರಿಂದ ನಮ್ಮ ಒಗೆಯುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಬೆಳಕು, ಗಾಳಿ ಎಲ್ಲ ಹಿತ್ತಿಲ ಬಾಗಿಲಿನಿಂದಲೇ. ಹಿತ್ತಿಲ ತುಂಬ ತಂತಿ ಕಟ್ಟಿ, ಲಾಡ್ಜಿನ ಚಾದರಗಳನ್ನೂ ಆಸ್ಪತ್ರೆಯ ಕೋಟುಗಳನ್ನೂ ಒಣಹಾಕುತ್ತಿದ್ದೆವು. ಬಿಸಿಲಿನಲ್ಲಿ ಒಣಗಿದ ಬಟ್ಟೆಗೆ ಬೇರೆಯದೇ ವಾಸನೆ. ಗಿರಾಕಿಗಳು ಅದಕ್ಕೇ ನಮ್ಮಲ್ಲಿಗೆ ಬರುತ್ತಿದ್ದರು, ದೊಡ್ಡಮ್ಮನ ಮುಖ ನೋಡಿಕೊಂಡಂತೂ ಅಲ್ಲ.

ದೊಡ್ಡಪ್ಪ ನಾನು ಬರುವ ಮೊದಲೇ ಬೇರೆ ಊರಿಗೆ ಕೆಲಸಕ್ಕೆ ಹೋಗಿ, ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದರಂತೆ. ಈ ಸುದ್ದಿ ತಂದವರು ಅಳು, ಗೋಳು ಎಲ್ಲ ನಿರೀಕ್ಷಿಸಿ ಕೈಯಲ್ಲಿ ಕರವಸ್ತ್ರ ಹಿಡಿದು ಬಂದಿದ್ದರಂತೆ. "ಸರಿ, ಒಗೆಯೋಕೆ ಒಂದು ಜೊತೆ ಬಟ್ಟೆ ಕಡಿಮೆ ಆಯ್ತು" ಎಂದು ಇವಳು ಹಂಡೆ ಕೆಳಗೆ ಸೌದೆ ತುಂಬಿದಳಂತೆ. ಈ ಕಥೆಯನ್ನು ನಮ್ಮ ಓಣಿಯಲ್ಲಿ ಎಲ್ಲರೂ ನಗುನಗುತ್ತಾ ಹೇಳುತ್ತಾರೆ. ಅವಳು ಮಾತ್ರ ಯಾವತ್ತೂ ಹೇಳಿದವಳಲ್ಲ.

ಈಗ ಆಟದ ವಿಷಯ. ನಮ್ಮ ಓಣಿಯಲ್ಲಿ ಅಂಗಡಿಗಳು ಎಷ್ಟು ಇಕ್ಕಟ್ಟೆಂದರೆ ಒಬ್ಬ ಸೀನಿದರೆ ಪಕ್ಕದವನು ಮೂಗು ಒರೆಸಿಕೊಳ್ಳಬೇಕು. ಜಗಳಕ್ಕೇನು ಬರ? ಮೆಟ್ಟಿಲ ಕೆಳಗಿನ ಜಾಗ ಯಾರದು, ನಲ್ಲಿ ಮೊದಲು ಯಾರಿಗೆ, ಬೋರ್ಡು ಯಾರ ಗೋಡೆಗೆ, ಎಲ್ಲಕ್ಕೂ ಕಿತ್ತಾಟ. ಇಬ್ಬರ ಕಡೆಯೂ ನ್ಯಾಯವಿದ್ದು, ಇಬ್ಬರೂ ಜಗ್ಗದೆ, ಮಾತು ಕೈಗೆ ಬರುವ ಹಂತ ತಲುಪಿದರೆ ಯಾರಾದರೂ ಹಿರಿಯರು ಹೇಳುತ್ತಿದ್ದರು: "ಸಾಕು, ಕೊನೇಕೈ ಆಡಿ ಮುಗಿಸ್ಕೊಳ್ಳಿ." ಅಲ್ಲಿಗೆ ಬಾಯಿ ಬಂದ್. ಒಂದು ವ್ಯಾಜ್ಯಕ್ಕೆ ಒಂದೇ ಆಟ. ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ. ಮರುದಿನ ಸೋತವನೇ ತನ್ನ ಕೈಯಾರೆ ಜಾಗ ಬಿಟ್ಟುಕೊಡಬೇಕು, ಆಮೇಲೆ ಆ ಮಾತು ಎತ್ತಬಾರದು. ಪೊಲೀಸು, ಕೋರ್ಟು ಎಂದು ಹೋದವರು ಒಬ್ಬರ ಮುಖ ಒಬ್ಬರು ನೋಡದ ಹಾಗಾಗುತ್ತಾರೆ. ಆಟದಲ್ಲಿ ಸೋತವನು ಮಾತ್ರ ನಾಳೆ ಬೆಳಿಗ್ಗೆ ಗೆದ್ದವನ ಪಕ್ಕದಲ್ಲೇ ಶಟರ್ ಎತ್ತಬಹುದು, ಏಕೆಂದರೆ ಅವನನ್ನು ಯಾರೂ ಸುಳ್ಳ ಎನ್ನಲಿಲ್ಲ, ಎಲೆ ಕೈಕೊಟ್ಟಿತು ಅಷ್ಟೇ. ಬೇರೆ ಓಣಿಯವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ನನಗೂ ಬಹಳ ಕಾಲ ಹಾಗೇ ಕಾಣುತ್ತಿತ್ತು.

ಆಟ ಸುಲಭ. ಇಬ್ಬರಿಗೂ ಏಳೇಳು ಎಲೆ. ಒಬ್ಬ ಒಂದು ಎಲೆ ಇಳಿಸಿದರೆ ಇನ್ನೊಬ್ಬ ಅದೇ ಜಾತಿಯ ಎಲೆ ಇದ್ದರೆ ಅದನ್ನೇ ಹಾಕಬೇಕು, ದೊಡ್ಡದು ಗೆಲ್ಲುತ್ತದೆ. ಆ ಜಾತಿಯದು ಇಲ್ಲದಿದ್ದರೆ ಕೈಯಲ್ಲಿರುವ ಯಾವುದನ್ನಾದರೂ ಎಸೆಯಬೇಕು, ಅದು ಎಕ್ಕವೇ ಆದರೂ ಕಸಕ್ಕೆ ಸಮ. ಹೀಗೆ ಎರಡು ಎಲೆ ಬಿದ್ದರೆ ಒಂದು ಕೈ, ಗೆದ್ದವನು ಮುಂದಿನ ಎಲೆ ಇಳಿಸುತ್ತಾನೆ. ಆದರೆ ಮೊದಲ ಆರು ಕೈ ಗೆದ್ದರೂ ಒಂದೇ, ಸೋತರೂ ಒಂದೇ. ಏಳನೆಯ ಕೈ ಯಾರದೋ ವ್ಯಾಜ್ಯ ಅವರದು. ಆದ್ದರಿಂದ ಆಡುವವರು ಒಳ್ಳೆಯ ಎಲೆಯನ್ನು ಎದೆಗವಚಿಕೊಂಡು, ಬೇಕೆಂದೇ ಸೋಲುತ್ತ, ಎದುರಿನವನನ್ನು ಬರಿದು ಮಾಡುತ್ತ ಕೊನೆಗೆ ಬರುತ್ತಾರೆ. ಅಷ್ಟು ಹೊತ್ತು ಉಸಿರು ಕಟ್ಟಿ ಕೂತಿರಬೇಕು.

ಹಂಚುವವರಿಗೆ ಒಂದೇ ನಿಬಂಧನೆ: ಅವರು ಬದುಕಿನಲ್ಲಿ ಒಮ್ಮೆಯೂ ಈ ಆಟ ಆಡಿರಬಾರದು. ಒಮ್ಮೆ ಆಡಿದರೆ ಮತ್ತೆ ಎಲೆ ಹಂಚುವಂತಿಲ್ಲ. ಹಿಂದೆ ಹಂಚುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಮುದುಕನ ಕಣ್ಣು ಮಂಜಾದಾಗ ಅವನು ಓಣಿಯಿಡೀ ನೋಡಿ ದೊಡ್ಡಮ್ಮನನ್ನು ಆರಿಸಿದ್ದನಂತೆ. ಕಾರಣ ಕೇಳಿದರೆ ಅವಳ ತೋಳು ತೋರಿಸಿದನಂತೆ. ಹಗಲಿಡೀ ನೀರಿನಲ್ಲಿ ಕೈ ಇರುವವಳ ರವಿಕೆಯ ತೋಳು ಯಾವಾಗಲೂ ಮೊಣಕೈ ಮೇಲಕ್ಕೆ ಮಡಚಿರುತ್ತದೆ, ಎಲೆ ಬಚ್ಚಿಡಲು ಜಾಗವೇ ಇಲ್ಲ. ಬೇರೆಯವರು ಎಲೆಗಳನ್ನು ಫರ್ರೆಂದು ಕಲಸುವ ಹಾಗೆ ಅವಳಿಗೆ ಬರುತ್ತಿರಲಿಲ್ಲ. ಒಗೆಯುವ ಸೋಡಾ ತಿಂದ ಬೆರಳು, ಗಂಟು ಗಂಟು. ಎಲ್ಲ ಎಲೆಗಳನ್ನೂ ಮೇಜಿನ ಮೇಲೆ ಮಗುಚಿ ಹರಡಿ, ಅಂಗೈಯಿಂದ ಸೋಪು ಹಚ್ಚುವಂತೆ ಗುಂಡಗೆ ಉಜ್ಜುತ್ತಿದ್ದಳು. ಹಾಗೆ ಕಲಸಿದ್ದನ್ನು ಯಾವ ಕಳ್ಳನೂ ನೆನಪಿಡಲಾರ.

ಬುದ್ಧಿ ಬಂದಾಗಿನಿಂದ ನಾನು ಅವಳು ಹಂಚುವುದನ್ನು ನೋಡಿದ್ದೇನೆ. ಒಂದೊಂದು ಕೈ ಮುಗಿದ ಕೂಡಲೇ ಬಿದ್ದ ಎರಡು ಎಲೆಗಳನ್ನು ಬಲಗೈಯಿಂದ ಬಾಚಿ ತನ್ನ ಪಕ್ಕಕ್ಕೆ ಸರಿಸುತ್ತಿದ್ದಳು, ನೋಡದೆಯೇ, ಮೇಜು ಒರೆಸುವ ಹಾಗೆ. ಬಿದ್ದ ಎಲೆಯನ್ನು ಮುಟ್ಟುವ ಹಕ್ಕು ಹಂಚುವವರಿಗೆ ಮಾತ್ರ. ಆಡುವವರ ಬೆರಳು ತಾಗಿತೋ, ಹಂಚುವವರು "ಮುಟ್ಟು" ಅನ್ನುತ್ತಾರೆ, ಆಟ ಅಲ್ಲಿಗೇ ಮುಗಿಯಿತು, ಮುಟ್ಟಿದವನು ಸೋತ. ಹಿಂದೆ ಯಾರೋ ಎಲೆ ಸರಿ ಮಾಡುವ ನೆಪದಲ್ಲಿ ಬದಲಾಯಿಸಿದ್ದರಿಂದ ಬಂದ ಕಟ್ಟುನಿಟ್ಟು ಅದು. ದೊಡ್ಡಮ್ಮ ಆ ಮಾತನ್ನು ಒಮ್ಮೆ ಬೀಗದ ರಿಪೇರಿಯವನಿಗೆ ಹೇಳಿದ್ದಳು. ಅವನು ಎಲೆಯ ಮೇಲೆ ಕೂತ ನೊಣ ಓಡಿಸಲು ಹೋಗಿ ಬೆರಳು ತಾಗಿಸಿಕೊಂಡಿದ್ದ. "ಅಕ್ಕಾ, ನೊಣ ಅಕ್ಕಾ" ಎಂದು ಅವನು ಗೋಗರೆದ. ಇವಳು ಕರಗಲಿಲ್ಲ. ಮೆಟ್ಟಿಲ ಕೆಳಗಿನ ನೆರಳಿನ ಜಾಗ ಹೋಗಿ, ಅವನೀಗ ಬಸ್ ಸ್ಟ್ಯಾಂಡಿನ ತುದಿಯಲ್ಲಿ ಬಿಸಿಲಿಗೆ ಕೂರುತ್ತಾನೆ. ಆಮೇಲೆ ಅವನು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಲ್ಲ, ಆದರೆ ಯಾವ ಆಟವನ್ನೂ ತಪ್ಪಿಸುತ್ತಿರಲಿಲ್ಲ.

ಇಷ್ಟೆಲ್ಲ ಆಗಿ, ಜಗಳ ನಮ್ಮ ಮನೆ ಬಾಗಿಲಿಗೇ ಬಂತು.

ಹಿತ್ತಿಲು ನಮ್ಮೊಬ್ಬರದಲ್ಲ. ಪಕ್ಕದ ಬಡಗಿಯ ಹಿಂಬಾಗಿಲೂ ಅದಕ್ಕೇ ತೆರೆಯುತ್ತಿತ್ತು. ಹಳೇ ಮಾಲೀಕರು ಇದ್ದಾಗ ಇಬ್ಬರೂ ಬಳಸಿಕೊಂಡಿದ್ದೆವು. ಅವನು ಮೂಲೆಯಲ್ಲಿ ಹಲಗೆ ಒರಗಿಸುತ್ತಿದ್ದ, ನಾವು ಉಳಿದ ಕಡೆ ತಂತಿ ಕಟ್ಟುತ್ತಿದ್ದೆವು. ಆಮೇಲೆ ಅವನು ಗರಗಸದ ಮೆಷಿನ್ ತಂದ. ಅದು ಶುರುವಾದರೆ ನಮ್ಮ ಗೋಡೆ ನಡುಗುತ್ತಿತ್ತು, ಮರದ ಪುಡಿ ಹಾರಿ ಒದ್ದೆ ಚಾದರಗಳ ಮೇಲೆ ಕೂರುತ್ತಿತ್ತು. ಲಾಡ್ಜಿನವರು ಒಂದು ಮೂಟೆ ಚಾದರವನ್ನು ಹಾಗೇ ವಾಪಸು ಕಳಿಸಿದ ದಿನ ದೊಡ್ಡಮ್ಮ ಬಡಗಿಯ ಬಾಗಿಲಲ್ಲಿ ನಿಂತು ಅವನ ಏಳು ತಲೆಮಾರಿನ ಜಾತಕ ಬಿಡಿಸಿದಳು. ಅವನೂ ಸುಮ್ಮನಿರಲಿಲ್ಲ. "ಒಳಗಡೆ ಕೊಯ್ದರೆ ಧೂಳು ಕುಡಿದು ನನ್ನ ಹೆಂಡ್ತಿ ಕೆಮ್ಮಿ ಕೆಮ್ಮಿ ಸಾಯ್ತಾಳೆ. ಹಿತ್ತಿಲಿಗೆ ತಗಡು ಹೊದಿಸಿ ಅಲ್ಲಿ ಮೆಷಿನ್ ಇಡ್ತೀನಿ. ನಿಮ್ಮ ಚಾದರಕ್ಕಿಂತ ನಮ್ಮ ಮನೆಯವಳ ಜೀವ ದೊಡ್ಡದು ಅಕ್ಕಾ" ಎಂದ. ಅದೂ ಸುಳ್ಳಲ್ಲ. ಗೋಡೆಯಾಚೆ ಆ ಹೆಂಗಸು ಕೆಮ್ಮುವುದು ನಮಗೆ ದಿನಾ ಕೇಳುತ್ತಿತ್ತು.

ಮಾಲೀಕರ ಮಗ ಬಂದು, ಹಿತ್ತಿಲನ್ನು ಒಬ್ಬರಿಗೇ ಕೊಡುವುದು, ಯಾರಿಗೆಂದು ನೀವೇ ತೀರ್ಮಾನಿಸಿ ಹೇಳಿ ಎಂದು ಕೈ ತೊಳೆದುಕೊಂಡ. ತಗಡು ಬಂದರೆ ನಮಗೆ ಬಿಸಿಲಿಲ್ಲ. ಬಿಸಿಲಿಲ್ಲದಿದ್ದರೆ ಲಾಂಡ್ರಿ ಇಲ್ಲ. ಅವಳ ಜೀವಮಾನದ ದುಡಿಮೆ ಆ ನಾಲ್ಕು ಗೋಡೆ ನಡುವಿನ ಆಕಾಶದ ತುಂಡಿನ ಮೇಲೆ ನಿಂತಿತ್ತು. ಓಣಿಯ ಹಿರಿಯರು ನಮ್ಮ ಅಂಗಡಿಗೆ ಬಂದು, ಮುಖ ಮುಖ ನೋಡಿಕೊಂಡು, ಕೊನೆಗೆ ದರ್ಜಿ ತಾತ ಬಾಯಿಬಿಟ್ಟ: "ಬೇರೆಯವರಿಗೆಲ್ಲ ನೀನೇ ಹಂಚಿದ್ದೀಯಮ್ಮಾ. ಈಗ ಬೇಡ ಅಂತ ಹೇಗೆ ಹೇಳ್ತೀಯಾ?"

"ಬೇಡ ಅಂದವರು ಯಾರು?" ಎಂದಳು ದೊಡ್ಡಮ್ಮ, ಇಸ್ತ್ರಿ ಪೆಟ್ಟಿಗೆ ಎತ್ತದೆ.

ಅವರು ಹೋದ ಮೇಲೆ ನಾನು ಕೂಗಾಡಿದೆ. "ನಿನಗೆ ಆಡೋಕೆ ಬರುತ್ತಾ? ಒಂದು ಸಲನಾದ್ರೂ ಎಲೆ ಕೈಲಿ ಹಿಡಿದಿದ್ದೀಯಾ? ಅವನು ಮೂರು ಸಲ ಆಡಿ ಮೂರು ಸಲನೂ ಗೆದ್ದಿರೋನು!"

"ನೋಡಿದ್ದೀನಿ."

"ಈಜೋದನ್ನ ನೋಡಿದ್ರೆ ಈಜು ಬರುತ್ತಾ?"

"ಬಾಯಿ ಮುಚ್ಕೊಂಡು ಗಂಜಿ ಕಲಸೇ ಮೂದೇವಿ. ಆ ಕೋಟುಗಳೆಲ್ಲ ಹಾಗೇ ಇವೆ."

ಅವಳ ಇಸ್ತ್ರಿ ಆ ದಿನ ಮೊದಲ ಸಲ ಒಂದು ಕೋಟಿನ ತೋಳನ್ನು ಹಳದಿ ಮಾಡಿತು. ಅದನ್ನು ನೋಡಿದ ಮೇಲೆ ನಾನು ಹೋಗಿ ಗಂಜಿ ಕಲಸಿದೆ. ಅವಳಿಗೆ ಹೆದರಿಕೆಯಾಗಬಹುದು ಎಂಬುದೇ ನನಗೆ ಹೊಸ ಸುದ್ದಿಯಾಗಿತ್ತು.

ಆಟ ಮಧ್ಯಾಹ್ನ, ಅಂಗಡಿಗಳು ಊಟಕ್ಕೆ ಅರ್ಧ ಶಟರ್ ಎಳೆದ ಹೊತ್ತಿನಲ್ಲಿ. ಸಾಮಾನ್ಯವಾಗಿ ನಮ್ಮ ಇಸ್ತ್ರಿ ಮೇಜಿನ ಮೇಲೇ ನಡೆಯುತ್ತಿದ್ದದ್ದು, ಈ ಸಲ ಹಾಗೆ ಮಾಡುವಂತಿರಲಿಲ್ಲ. ಪ್ರೆಸ್ಸಿನ ಕಾಗದದ ಕೋಣೆಯಲ್ಲಿ, ರೀಮುಗಳ ನಡುವೆ ಒಂದು ಮೇಜು ಹಾಕಿದರು. ಹಂಚಲು ಚಪ್ಪಲಿ ಅಂಗಡಿಯವರನ್ನು ಹುಡುಕಿದ್ದರು. ಅವರು ಯಾರ ಜಗಳಕ್ಕೂ ಹೋಗದ, ಯಾರ ಪರವೂ ನಿಲ್ಲದ, ತಮ್ಮ ನೆರಳಿಗೂ ದಾರಿ ಬಿಡುವ ಮನುಷ್ಯ. ಬೆರಳು ನಾಲಿಗೆಗೆ ತಾಗಿಸಿ ಎಲೆ ಎತ್ತಿದರು. "ಎಂಜಲು ಹಚ್ಚಬೇಡ್ರೀ, ಎಲೆ ಗುರುತು ಹಿಡಿಯುತ್ತೆ" ಎಂದಳು ದೊಡ್ಡಮ್ಮ. ಎಲ್ಲರೂ ನಕ್ಕರು. ಅವರು ಬೆರಳನ್ನು ಅಂಗಿಗೆ ಒರೆಸಿಕೊಂಡರು.

ಬಡಗಿ ಎದುರಿಗೆ ಕೂತಿದ್ದ. ಸ್ನಾನ ಮಾಡಿ, ತಲೆ ಬಾಚಿ ಬಂದಿದ್ದ. ಆದರೂ ಕಿವಿಯ ಹಿಂದೆ ಮರದ ಪುಡಿ ಉಳಿದಿತ್ತು. ಅವನ ಹೆಂಡತಿ ಬಂದಿರಲಿಲ್ಲ. ಬೀಗದವನು ಬಾಗಿಲಿಗೆ ಒರಗಿ ನಿಂತಿದ್ದ. ನಾನು ದೊಡ್ಡಮ್ಮನ ಬೆನ್ನ ಹಿಂದೆ. ಅವಳು ಎಲೆಗಳನ್ನು ಬಿಡಿಸಿ ಹಿಡಿದಾಗ ನಾನು ಬಗ್ಗಿ ನೋಡಿದೆ. ಕಳಾವರ್ ರಾಜ ಇತ್ತು, ಆಟೀನು ರಾಣಿ ಇತ್ತು. ಉಳಿದವು ಸಣ್ಣಪುಟ್ಟವು, ಒಂದೂ ಎಕ್ಕವಿಲ್ಲ.

ಮೊದಲು ಅವನು ಇಳಿಸಿದ, ಇಸ್ಪೀಟು ಒಂಬತ್ತು. ಇವಳು ನಾಲ್ಕು ಹಾಕಿದಳು. ಆಮೇಲೆ ಇಸ್ಪೀಟು ರಾಜ. ಇವಳು ಆರು. ಎರಡೂ ಅವನಿಗೆ ಹೋದವು. ಅದು ಸರಿಯೇ, ಇವಳ ಕೈಯಲ್ಲಿ ಬೇರೆ ಇಸ್ಪೀಟು ಇರಲಿಲ್ಲ. ಮೂರನೆಯದಕ್ಕೆ ಅವನು ಆಟೀನು ಆರು ಬಿಟ್ಟ. ರಾಣಿ ಹಾಕಿದರೆ ಗೆಲ್ಲುತ್ತಿದ್ದಳು. ಅವಳು ಆಟೀನು ಐದನ್ನು ಕೆಳಗಿಟ್ಟಳು, ಅದೂ ಸಣ್ಣದಾಗಿ ನಿಟ್ಟುಸಿರು ಬಿಟ್ಟು. ನನಗೆ ಅವಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು. ಬಡಗಿಯ ಮುಖ ನೋಡಿದೆ. ಇವಳ ಹತ್ತಿರ ದೊಡ್ಡ ಆಟೀನು ಇಲ್ಲ ಎಂದು ಅವನು ಮನಸ್ಸಿನಲ್ಲೇ ಬರೆದುಕೊಂಡಂತಿತ್ತು. ಆಗ ಅರ್ಥವಾಯಿತು. ನಲವತ್ತು ವರ್ಷ ಬೇರೆಯವರ ಮುಖಗಳನ್ನು ಓದಿದವಳು ಈಗ ತನ್ನ ಮುಖವನ್ನು ಅವನಿಗೆ ಓದಲು ಕೊಟ್ಟಿದ್ದಳು, ಅದೂ ಸುಳ್ಳು ಪಾಠ. ಮುದುಕಿಗೆ ಆಡಲು ಬರುವುದಿಲ್ಲ ಎಂದುಕೊಂಡ ನನ್ನ ಬುದ್ಧಿಗೆ ನಾನೇ ಶಾಪ ಹಾಕಿಕೊಂಡೆ.

ಆದರೆ ಇನ್ನೊಂದನ್ನೂ ಗಮನಿಸಿದೆ. ಪ್ರತಿ ಕೈ ಮುಗಿದಾಗಲೂ ಚಪ್ಪಲಿ ಅಂಗಡಿಯವರು ತಡವರಿಸುತ್ತಿದ್ದರು. ಎಲೆ ನೋಡಿ, ಇಬ್ಬರ ಮುಖ ನೋಡಿ, ಯಾರು ಗೆದ್ದರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಎತ್ತುತ್ತಿದ್ದರು. ಅಷ್ಟರಲ್ಲಿ ದೊಡ್ಡಮ್ಮನ ಬಲಗೈ ಮೇಜಿನ ಅಂಚಿನಲ್ಲಿ ಚಡಪಡಿಸುತ್ತಿತ್ತು. ಅವಳಿಗೂ ಅದು ತಿಳಿದಿತ್ತು. ಮೂರನೆಯ ಕೈ ಆದಮೇಲೆ ಆ ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಎಲೆ ಇಳಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದಳು.

ನಾಲ್ಕನೆಯದಕ್ಕೆ ಅವನು ಡೈಮಂಡು ಏಳು ಬಿಟ್ಟ. ಇವಳ ಬಳಿ ಇದ್ದ ಒಂದೇ ಡೈಮಂಡು ಹತ್ತು, ಬೇಕೋ ಬೇಡವೋ ಗೆದ್ದಳು. ಈಗ ಇಳಿಸುವ ಸರದಿ ಇವಳದು. ಕೈಯಲ್ಲಿ ಕಳಾವರ್ ರಾಜ, ಕಳಾವರ್ ಮೂರು, ಆಟೀನು ರಾಣಿ. ಕಳಾವರ್ ಎಕ್ಕ ಅವನ ಹತ್ತಿರ ಇದ್ದರೆ ರಾಜನನ್ನು ನುಂಗಿಬಿಡುತ್ತದೆ.

ಅವಳು ಮೂರನ್ನು ಇಳಿಸಿದಳು.

ಬಡಗಿ ತುಂಬಾ ಹೊತ್ತು ತನ್ನ ಎಲೆಗಳನ್ನೇ ನೋಡಿದ. ಕಳಾವರ್ ಜಾತಿಯದು ಅವನಲ್ಲಿ ಒಂದೇ ಇತ್ತು, ಅದನ್ನು ಹಾಕದೆ ವಿಧಿಯಿರಲಿಲ್ಲ. ಎಕ್ಕ ಮೇಜಿನ ಮೇಲೆ ಬಿತ್ತು. ಒಂದು ಮೂರರ ಮೇಲೆ ಕಳಾವರ್ ಎಕ್ಕ! ದರ್ಜಿ ತಾತ ಗಟ್ಟಿಯಾಗಿ ಕೆಮ್ಮಿದ. ಗೆದ್ದವನು ಅವನೇ, ಆದರೆ ಅವನ ಹಣೆಯಲ್ಲಿ ಬೆವರಿಳಿಯಿತು.

ಈಗ ಅವನ ಕೈಯಲ್ಲಿ ಎರಡು ಎಲೆ, ಇವಳ ಕೈಯಲ್ಲಿ ಎರಡು. ಅವನು ಒಂದರ ಮೇಲೆ ಬೆರಳಿಟ್ಟ, ಬಿಟ್ಟ, ಇನ್ನೊಂದರ ಮೇಲಿಟ್ಟ. ಕೊನೆಗೆ ಆಟೀನು ಗುಲಾಮನನ್ನು ಕೆಳಗಿಟ್ಟು, ಉಳಿದ ಒಂದನ್ನು ಎದೆಗೊತ್ತಿ ಹಿಡಿದ. ಅದೇ ಅವನ ಬಂಡವಾಳವೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಈ ಕೈ ಗೆದ್ದರೆ ಅದನ್ನು ಇಳಿಸಿ ಆಟ ಮುಗಿಸುತ್ತಾನೆ.

ದೊಡ್ಡಮ್ಮ ಆಟೀನು ರಾಣಿಯನ್ನು ಗುಲಾಮನ ಪಕ್ಕದಲ್ಲಿ ಇಟ್ಟಳು. ಮೆತ್ತಗೆ ಇಟ್ಟಳು, ಅಷ್ಟೇ.

ಯಾರೋ "ಅಬ್ಬಾ" ಎಂದರು. ಬಡಗಿ ಕಣ್ಣು ಮುಚ್ಚಿಕೊಂಡ. ಮುಗಿದಿತ್ತು. ಕೊನೆಯ ಎಲೆ ಇಳಿಸುವವಳು ಇವಳು. ಕೈಯಲ್ಲಿ ಕಳಾವರ್ ರಾಜ, ಅವನ ಮೇಲೆ ಕೂರಬಹುದಾಗಿದ್ದ ಎಕ್ಕ ಆಗಲೇ ಹೋಗಿದೆ. ಅವನಲ್ಲಿ ಏನೇ ಇದ್ದರೂ ಕಸ. ಹಿತ್ತಿಲು ನಮ್ಮದು. ನನಗೆ ಕುಣಿಯಬೇಕೆನಿಸಿತು. ದೊಡ್ಡಮ್ಮನ ಬೆನ್ನು ಬೆಳಗಿನಿಂದ ಬಿಗಿದಿದ್ದು ಸಡಿಲವಾದದ್ದು ನನಗೆ ಕಂಡಿತು. ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಚಪ್ಪಲಿ ಅಂಗಡಿಯವರು ಎಂದಿನಂತೆ ಎಲೆ ನೋಡುತ್ತ, ಮುಖ ನೋಡುತ್ತ ತಡವರಿಸಿದರು. ಆಗ ಅವಳ ಬಲಗೈ ತೊಡೆಯ ಕೆಳಗಿನಿಂದ ಎದ್ದು, ಗುಲಾಮನನ್ನೂ ರಾಣಿಯನ್ನೂ ಒಟ್ಟಿಗೆ ಬಾಚಿ, ತನ್ನ ಪಕ್ಕಕ್ಕೆ ಸರಿಸಿತು.

ಮೇಜು ಒರೆಸುವ ಹಾಗೆ.

ಎಲ್ಲರೂ ಚಪ್ಪಲಿ ಅಂಗಡಿಯವರನ್ನು ನೋಡಿದರು. ಅವರು ಸೂರು ನೋಡುತ್ತಿದ್ದರು. ಪಾಪದ ಮನುಷ್ಯ, ಇದುವರೆಗೆ ಅವಳು ಹೇಳುವುದನ್ನಷ್ಟೇ ಕೇಳಿದ್ದ ಆ ಮಾತು ಅವರ ಬಾಯಿಂದ ಅವಳಿಗೇ ಹೇಗೆ ಹೊರಟೀತು? ದರ್ಜಿ ತಾತ ತನ್ನ ಕನ್ನಡಕ ಒರೆಸತೊಡಗಿದ. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ: ಕೊನೆಯ ಎಲೆ ಇಳಿಸು, ಬೇಗ ಇಳಿಸು, ಯಾರೂ ಏನೂ ಅನ್ನೋದಿಲ್ಲ. ನಿಜಕ್ಕೂ ಯಾರೂ ಏನೂ ಅನ್ನುತ್ತಿರಲಿಲ್ಲ. ಓಣಿಯಲ್ಲಿ ಅವಳ ಋಣ ಇಲ್ಲದವರು ಯಾರೂ ಇರಲಿಲ್ಲ.

ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು, ಯಾರದೋ ಕೈ ಎಂಬಂತೆ. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಬೀಗದವನು ಒರಗಿದ್ದವನು ನೆಟ್ಟಗೆ ನಿಂತಿದ್ದ. ಅವನ ಮುಖದಲ್ಲಿ ಸೇಡು ಇತ್ತೆಂದು ಹೇಳಿದರೆ ನನಗೆ ಸುಲಭವಾಗುತ್ತಿತ್ತು. ಇರಲಿಲ್ಲ. ಅವನು ಸುಮ್ಮನೆ ಕಾಯುತ್ತಿದ್ದ.

"ಮುಟ್ಟು" ಎಂದಳು ದೊಡ್ಡಮ್ಮ.

"ಅಕ್ಕಾ, ನಾನು ಕಣ್ಣು ಮುಚ್ಕೊಂಡಿದ್ದೆ" ಎಂದ ಬಡಗಿ ತಟ್ಟನೆ. "ನಾನು ನೋಡಲಿಲ್ಲ. ದೇವರಾಣೆ ನೋಡಲಿಲ್ಲ. ನೀವು ಎಲೆ ಇಳಿಸಿ."

"ನೀನು ನೋಡದಿದ್ರೆ ಏನು, ನಾನು ನೋಡಿದ್ನಲ್ಲ."

"ಅಭ್ಯಾಸಬಲ ಅಕ್ಕಾ ಅದು. ಬೇಕೂಂತ ಮಾಡಿದ್ದಲ್ಲ. ಎಲ್ಲರಿಗೂ ಗೊತ್ತು."

"ಅವನೂ ಬೇಕೂಂತ ಮಾಡಿರಲಿಲ್ಲ. ನೊಣ ಓಡಿಸಿದ್ದ" ಎಂದಳು. ಕಳಾವರ್ ರಾಜನನ್ನು ಮಗುಚಿ ಮೇಜಿನ ಮೇಲಿಟ್ಟು ಎದ್ದಳು. ಬಡಗಿ ತನ್ನ ಎಲೆಯನ್ನು ತಾನೇ ತಿರುಗಿಸಿದ. ಇಸ್ಪೀಟು ಎಕ್ಕ, ಆ ಹೊತ್ತಿಗೆ ಕವಡೆ ಕಿಮ್ಮತ್ತಿಲ್ಲದ್ದು. ಅವನು ಗೆದ್ದಿದ್ದ. ಆದರೂ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ.

ನಾನು ದಾರಿಯುದ್ದಕ್ಕೂ ಅವಳೊಂದಿಗೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಮಾತಾಡಿದೆ, ಆಡಬಾರದ್ದನ್ನೆಲ್ಲ ಆಡಿದೆ. ನಿನಗೆ ಹೆಸರು ಮುಖ್ಯ, ನನ್ನ ಹೊಟ್ಟೆ ಮುಖ್ಯ ಅಲ್ಲ ಎಂದೆ. ಅವಳು ತೊಟ್ಟಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ತಿರುಗಿ ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಸೋತವರಿಗೆಲ್ಲ ನಾನು ಏನು ಹೇಳ್ತಿದ್ದೆ ಗೊತ್ತಾ?" ಎಂದಳು. "ಸೋತಿದ್ದು ನೀನಲ್ಲ, ನಿನ್ನ ಎಲೆ, ಹೋಗಿ ಮಲಕ್ಕೋ ಅಂತ. ಎಷ್ಟು ಜನಕ್ಕೆ ಹೇಳಿದ್ದೀನಿ! ಅವರೆಲ್ಲ ಹೂಂ ಅಂತ ತಲೆ ಆಡಿಸಿ ಹೋಗ್ತಿದ್ರು. ನಾನು ಏನೋ ದೊಡ್ಡ ಸಮಾಧಾನ ಹೇಳಿದ ಹಾಗೆ ಬೀಗ್ತಿದ್ದೆ." ಮೂಗು ಒರೆಸಿಕೊಂಡಳು. "ಒಬ್ಬರಿಗೂ ಹಾಗೆ ಅನ್ನಿಸಿರಲ್ಲ ಕಣೇ. ಒಬ್ಬರಿಗೂ."

ಅವಳು ಅತ್ತಳು. ದೊಡ್ಡಪ್ಪನಿಗೂ ಅಳದವಳು, ಅಮ್ಮ ಹೋದಾಗ ನನ್ನ ಮುಂದೆ ಅಳದವಳು, ಸೋಡಾ ತಿಂದ ಆ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಪಕ್ಕದಲ್ಲಿ ಕೂತು ಬೆನ್ನು ಸವರೋಣವೆಂದು ಕೈ ಚಾಚಿದೆ. "ಹಂಡೆ ಕೆಳಗಿನ ಬೆಂಕಿ ನೋಡು ಹೋಗು" ಎಂದು ತಳ್ಳಿದಳು. ಬೆಂಕಿ ಆರಿತ್ತು.

ಬೆಳಿಗ್ಗೆ ನಾನು ಎದ್ದಾಗ ಅವಳು ಆಗಲೇ ಹಿತ್ತಿಲಲ್ಲಿದ್ದಳು. ಸೋತವರು ತಮ್ಮ ಕೈಯಾರೆ ಬಿಟ್ಟುಕೊಡಬೇಕಲ್ಲ, ತಂತಿ ಬಿಚ್ಚುತ್ತಿದ್ದಳು. ವರ್ಷಗಳಿಂದ ಬಿಗಿದ ತಂತಿ, ಒಂದು ತುದಿ ಬಿಚ್ಚಿದ ಕೂಡಲೇ ಸುರುಳಿಯಾಗಿ ಹಾರಿ ಬಂದು ಮುಖಕ್ಕೆ ಬಡಿಯುತ್ತದೆ. ಅದನ್ನು ಬಿಚ್ಚಲು ಎರಡು ತುದಿಗೂ ಜನ ಬೇಕು. "ಬಾರೇ, ಆ ಕಡೆ ಹಿಡ್ಕೋ" ಎಂದಳು. ನಾನು ಬಾಗಿಲಲ್ಲೇ ನಿಂತೆ. ಅವಳು ಅತ್ತದ್ದನ್ನು ಕಂಡಿದ್ದೆ ನಿಜ, ಆದರೂ ಆ ತಂತಿ ಮುಟ್ಟಲು ನನ್ನಿಂದ ಆಗಲಿಲ್ಲ. "ನಾನು ಹಿಡಿಯಲ್ಲ" ಎಂದೆ.

ಆಗ ಆ ಕಡೆಯ ಬಾಗಿಲು ತೆರೆಯಿತು. ಬಡಗಿ ಬಂದ. ಗೋಡೆಯ ಹತ್ತಿರ ಹೋಗಿ ಇನ್ನೊಂದು ತುದಿ ಹಿಡಿದ. ಅವಳು ಒಂದು ಕ್ಷಣ ಅವನನ್ನು ನೋಡಿ, ತನ್ನ ತುದಿಯ ಮೊಳೆ ಸಡಿಲಿಸಿದಳು. ಇಬ್ಬರೂ ತಂತಿ ಸುತ್ತುತ್ತ ಸುತ್ತುತ್ತ ಹಿತ್ತಿಲ ನಡುವೆ ಬಂದು ನಿಂತರು. ಹಾಗೇ ಎರಡನೆಯದು, ಮೂರನೆಯದು. ನಾನು ನೋಡುತ್ತ ನಿಂತೆ. ಆ ಮನುಷ್ಯನನ್ನು ದ್ವೇಷಿಸೋಣವೆಂದರೆ ಅದಕ್ಕೂ ಅವನು ಆಸ್ಪದ ಕೊಡಲಿಲ್ಲ, ಅದೇ ನನ್ನ ಹೊಟ್ಟೆಯುರಿ.

ಕೊನೆಯ ಸುರುಳಿಯನ್ನು ಅವಳ ಕೈಗೆ ಕೊಟ್ಟು ಅವನು ಕೇಳಿದ, "ನಾಳೆಯಿಂದ ಬಟ್ಟೆ ಎಲ್ಲಿ ಒಣಗಿಸ್ತೀರಾ ಅಕ್ಕಾ?"

"ಅದು ನನ್ನ ತಲೆನೋವು. ನೀನು ನಿನ್ನ ತಗಡು ಹೊದಿಸೋ ಕೆಲಸ ನೋಡು. ಮನೆಯವಳನ್ನ ಇನ್ನೂ ಆ ಧೂಳಲ್ಲಿ ಕೂರಿಸಬೇಡ."

ದೊಡ್ಡಮ್ಮ ಸುರುಳಿಗಳನ್ನು ಎತ್ತಿಕೊಂಡು ಒಳಗೆ ಬಂದು, ಹಿಂದೆ ತಿರುಗಿ ಹಿತ್ತಿಲ ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೋಣೆ ಕತ್ತಲ ಗವಿಯಾಯಿತು. ತೊಟ್ಟಿಯಲ್ಲಿ ನೆನೆಹಾಕಿದ್ದ ಚಾದರಗಳು ಎಲ್ಲಿವೆಯೆಂದೂ ಕಾಣುತ್ತಿರಲಿಲ್ಲ. ಅವಳು ತೋಳು ಮೇಲಕ್ಕೆ ಮಡಚಿಕೊಳ್ಳುವ ಸದ್ದಷ್ಟೇ ಕೇಳಿಸಿತು.

"ದೀಪ ಹಾಕೇ" ಎಂದಳು.